ಡ್ರಗ್ಸ್ ಸಾವಿಗೆ ಕೊಲೆ ಶಿಕ್ಷೆ: ಏಟು ಬೀಳುವುದು ಯಾರಿಗೆ?

ಅಮೆರಿಕದ ರಾಜ್ಯಗಳ ಶಾಸನಸಭೆಗಳಲ್ಲಿ ಡ್ರಗ್ಸ್ ಮಸೂದೆ ಚರ್ಚೆಗೆ ಬಂದಾಗ ಸಮಿತಿಯ ಕೊಠಡಿಯಲ್ಲಿ ಮಕ್ಕಳ ಫೋಟೊ ಹಿಡಿದ ತಂದೆ-ತಾಯಿಗಳು ಕೂತಿರುತ್ತಾರೆ. ನೋವಿನ ಮಾತ್ರೆಯೆಂದು ನಂಬಿ ಮಗ ನುಂಗಿದ್ದು ಫೆಂಟನಿಲ್. ಬೆಳಗ್ಗೆ ಎಬ್ಬಿಸಲು ಹೋದರೆ ಅವನು ಏಳಲಿಲ್ಲ. ಇಂಥ ಕತೆಗಳನ್ನು ಒಬ್ಬರ ಹಿಂದೊಬ್ಬರು ಹೇಳುತ್ತಾರೆ. ಕೊನೆಗೆ ಅವರಿಡುವ ಬೇಡಿಕೆ ಒಂದೇ: ಆ ಮಾತ್ರೆ ಕೊಟ್ಟವನ ಮೇಲೆ ಬರೀ ಡ್ರಗ್ಸ್ ಮಾರಾಟದ ಕೇಸು ಸಾಲದು, ಕೊಲೆ ಮೊಕದ್ದಮೆಯನ್ನೇ ಹಾಕಿ.

ಹೆತ್ತವರ ಈ ಬೇಡಿಕೆಯನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವರ ಸಂಕಟ ನಿಜ, ಕೋಪ ನ್ಯಾಯವಾದದ್ದು. ಆದರೆ ಸಂಕಟದಿಂದ ಹುಟ್ಟಿದ ಬೇಡಿಕೆ ಕಾನೂನಿನ ಕಲಮಾಗಿ ಇಳಿದಾಗ ಅದು ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ, ಮುಂದಿನ ಮನೆಯ ಮಗುವನ್ನು ಉಳಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಲೇಬೇಕು. ಹೀಗೆ ಕೇಳುವುದು ಸತ್ತವರಿಗೆ ಮಾಡುವ ಅಗೌರವವಲ್ಲ. ಇಂಥ ಕಾಯ್ದೆಗಳಿಗೆ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಓದಿದವರಿಗೆ ಉತ್ತರ ಅಷ್ಟೇನೂ ಸಮಾಧಾನ ಕೊಡುವುದಿಲ್ಲ.

ಮೊದಲು ವಿಷದ ಬಗ್ಗೆ ಎರಡು ಮಾತು. ಫೆಂಟನಿಲ್ ಮೂಲತಃ ಆಸ್ಪತ್ರೆಯ ಔಷಧ. ಶಸ್ತ್ರಚಿಕಿತ್ಸೆಯಲ್ಲಿ, ಕ್ಯಾನ್ಸರ್ ರೋಗಿಗಳ ತೀವ್ರ ನೋವಿನಲ್ಲಿ ವೈದ್ಯರು ಅಳೆದು ತೂಗಿ ಕೊಡುವಂಥದ್ದು. ಹೆರಾಯಿನ್‌ಗಿಂತ ಸುಮಾರು ಐವತ್ತು ಪಟ್ಟು ಪ್ರಬಲ. ಎರಡು ಮಿಲಿಗ್ರಾಂ, ಅಂದರೆ ಪೆನ್ಸಿಲ್ ತುದಿಯ ಮೇಲೆ ನಿಲ್ಲುವಷ್ಟು ಪುಡಿ, ಒಬ್ಬ ಮನುಷ್ಯನನ್ನು ಕೊಲ್ಲಬಲ್ಲದು. ಕಳ್ಳದಂಧೆಯವರು ಇದನ್ನು ಹೆರಾಯಿನ್‌ಗೆ ಬೆರೆಸುತ್ತಾರೆ, ಅಸಲಿ ಔಷಧದಂತೆಯೇ ಕಾಣುವ ನೀಲಿ ಮಾತ್ರೆಗಳಾಗಿ ಅಚ್ಚು ಹಾಕುತ್ತಾರೆ. ಅಳತೆಯ ಹಂಗಿಲ್ಲದ ಈ ಮಾತ್ರೆಗಳಲ್ಲಿ ಒಂದರಲ್ಲಿ ಏನೂ ಇರದಿರಬಹುದು, ಪಕ್ಕದ ಇನ್ನೊಂದರಲ್ಲಿ ಸಾವೇ ಇರಬಹುದು. 2022ರಲ್ಲಿ ಅಮೆರಿಕದಲ್ಲಿ ಓವರ್‌ಡೋಸ್‌ನಿಂದ ಸತ್ತವರು ಸುಮಾರು 1.08 ಲಕ್ಷ ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸಾವುಗಳಲ್ಲಿ ಫೆಂಟನಿಲ್ ಬಗೆಯ ಕೃತಕ ಓಪಿಯಾಯ್ಡ್‌ಗಳಿದ್ದವು.

ಇಷ್ಟು ಹೆಣ ಬಿದ್ದಾಗ ಸರ್ಕಾರಗಳು ಕೈಕಟ್ಟಿ ಕೂರಲಾರವು. ಅವು ಹಿಡಿದ ದಾರಿ ಮುಖ್ಯವಾಗಿ ಮೂರು ಬಗೆಯದು. ಒಂದು, ಮಾರಿದ್ದು ಸಾಬೀತಾದರೆ ಸಾಕು, ಉದ್ದೇಶ ಏನಿತ್ತು ಎಂದು ಕೇಳುವುದೇ ಬೇಡ ಎನ್ನುವ ದಾರಿ. ನ್ಯೂಜೆರ್ಸಿಯಲ್ಲಿ 1987ರಿಂದಲೂ ಇರುವ ಕಾನೂನು ಇಂಥದ್ದು. ಎರಡನೆಯದು, ಈ ಕೃತ್ಯವನ್ನು ನೇರವಾಗಿ ಕೊಲೆಯೆಂದೇ ಕರೆಯುವ ದಾರಿ. ಟೆಕ್ಸಾಸ್ 2023ರಲ್ಲಿ ಫೆಂಟನಿಲ್ ಪೂರೈಸಿ ಸಾವಿಗೆ ಕಾರಣವಾಗುವುದನ್ನು ಕೊಲೆ ಅಪರಾಧದ ವ್ಯಾಖ್ಯೆಯೊಳಗೇ ಸೇರಿಸಿತು. ಫ್ಲಾರಿಡಾದಲ್ಲಿ ಇದು ಪ್ರಥಮ ದರ್ಜೆಯ ಕೊಲೆ. ಜೀವಾವಧಿಯೋ ಮರಣದಂಡನೆಯೋ ಆಗಬಹುದು.

ಮೂರನೆಯದು ಕ್ಯಾಲಿಫೋರ್ನಿಯಾದ ದಾರಿ. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದು ನಕಲಿ ಮಾತ್ರೆಯಿಂದ ತೀರಿಕೊಂಡ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಹೆಸರಿನಲ್ಲಿ ಅಲ್ಲಿ ‘ಅಲೆಕ್ಸಾಂಡ್ರಾ ಕಾಯ್ದೆ’ ಎಂಬ ಪ್ರಸ್ತಾವ ಹಲವು ಸಲ ಶಾಸನಸಭೆಗೆ ಬಂತು, ಹಲವು ಸಲ ಬಿದ್ದುಹೋಯಿತು. ಕೊನೆಗೆ 2024ರ ನವೆಂಬರ್‌ನಲ್ಲಿ ಮತದಾರರ ಮುಂದಿಟ್ಟ ‘ಪ್ರೊಪೊಸಿಷನ್ 36’ರಲ್ಲಿ ಅದರ ತಿರುಳು ಸೇರಿತು. ಸುಮಾರು ಶೇ 68ರಷ್ಟು ಮಂದಿ ಅದಕ್ಕೆ ಒಪ್ಪಿಗೆ ಕೊಟ್ಟರು. ಅದರಂತೆ ಡ್ರಗ್ಸ್ ಮಾರಿ ಶಿಕ್ಷೆಗೊಳಗಾದವನಿಗೆ ನ್ಯಾಯಾಲಯ ಒಂದು ಎಚ್ಚರಿಕೆ ಕೊಡಬೇಕು: ಮುಂದೆ ನೀನು ಮಾರಿದ ಡ್ರಗ್ಸ್‌ನಿಂದ ಯಾರಾದರೂ ಸತ್ತರೆ ನಿನ್ನ ಮೇಲೆ ಕೊಲೆ ಆರೋಪ ಬರಬಹುದು. ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವರಿಗೆ ಆ ರಾಜ್ಯದಲ್ಲಿ ಇಂಥದೇ ಎಚ್ಚರಿಕೆ ಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಎಚ್ಚರಿಕೆ ಕೊಟ್ಟ ಮೇಲೂ ಅದೇ ತಪ್ಪು ಮಾಡಿದರೆ ‘ಅಪಾಯ ಗೊತ್ತಿರಲಿಲ್ಲ’ ಎಂದು ಹೇಳಲು ಬಾಯಿ ಇರುವುದಿಲ್ಲ.

ಈ ಮೂರರಲ್ಲಿ ಕೊನೆಯದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಕಾರಣ ಸರಳ. ಅದು ಗೊತ್ತಿದ್ದು ಮಾಡಿದವನನ್ನೂ ಗೊತ್ತಿಲ್ಲದೆ ಮಾಡಿದವನನ್ನೂ ಬೇರೆಬೇರೆಯಾಗಿ ನೋಡುತ್ತದೆ. ಉಳಿದೆರಡು ಈ ಭೇದವನ್ನು ಅಳಿಸಿಹಾಕುತ್ತವೆ. ಭೇದ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೇಂದ್ರ ಕಾನೂನೇ ಸಾಕ್ಷಿ.

1986ರ ಜೂನ್ 17ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್‌ನನ್ನು ಬಾಸ್ಟನ್ ಸೆಲ್ಟಿಕ್ಸ್ ತಂಡ ಆಯ್ಕೆ ಮಾಡಿಕೊಂಡಿತು. ಆ ವರ್ಷದ ಎನ್‌ಬಿಎ ಆಯ್ಕೆಯಲ್ಲಿ ಅವನದು ಎರಡನೇ ಹೆಸರು. ಎರಡೇ ದಿನಗಳಲ್ಲಿ, ಜೂನ್ 19ರಂದು, ಕೊಕೇನ್ ಸೇವನೆಯಿಂದ ಅವನು ತೀರಿಕೊಂಡ. ವಯಸ್ಸು 22. ದೇಶವೇ ತತ್ತರಿಸಿತು. ಚುನಾವಣೆ ಹತ್ತಿರ ಬರುತ್ತಿತ್ತು. ಸಾಮಾನ್ಯವಾಗಿ ನಡೆಯುವ ವಿಚಾರಣೆ, ತಜ್ಞರ ಅಭಿಪ್ರಾಯ ಯಾವುದಕ್ಕೂ ಹೆಚ್ಚು ಹೊತ್ತು ಕೊಡದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಕಾಯ್ದೆಯನ್ನು ಅವಸರದಲ್ಲಿ ಮುಗಿಸಿತು. ಅಕ್ಟೋಬರ್ 27ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಕೊಕೇನ್, ಹೆರಾಯಿನ್‌ನಂಥ ಡ್ರಗ್ಸ್ ಪೂರೈಸಿದ್ದರಿಂದ ಸಾವು ಸಂಭವಿಸಿದರೆ ಕನಿಷ್ಠ 20 ವರ್ಷ ಜೈಲು ಎಂಬ ಕಲಂ ಬಂದದ್ದು ಆಗಲೇ. ಗರಿಷ್ಠ ಜೀವಾವಧಿ. 20ಕ್ಕಿಂತ ಕೆಳಗಿಳಿಸಬೇಕೆಂದು ನ್ಯಾಯಾಧೀಶರಿಗೇ ಅನಿಸಿದರೂ ಕಾನೂನು ಅವರ ಕೈ ಕಟ್ಟಿಹಾಕಿತ್ತು.

ಅದೇ ಕಾಯ್ದೆಯ ಇನ್ನೊಂದು ಕಲಂ ಐದು ಗ್ರಾಂ ಕ್ರ್ಯಾಕ್ ಕೊಕೇನ್‌ಗೂ 500 ಗ್ರಾಂ ಪುಡಿ ಕೊಕೇನ್‌ಗೂ ಒಂದೇ ಶಿಕ್ಷೆ ಗೊತ್ತುಮಾಡಿತು. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲು ಸೇರಿದವರು ಬಹುಪಾಲು ಕಪ್ಪು ಜನರು. ಒಂದಕ್ಕೆ ನೂರರ ಈ ಅನ್ಯಾಯವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲು 2010ರವರೆಗೆ ಕಾಯಬೇಕಾಯಿತು. ಇಪ್ಪತ್ತನಾಲ್ಕು ವರ್ಷ! ಬರೆಯಲು ನಾಲ್ಕು ತಿಂಗಳು ಸಾಕಾದ ಕಾನೂನನ್ನು ಅರ್ಧಂಬರ್ಧ ತಿದ್ದಲು ಒಂದು ತಲೆಮಾರು ಬೇಕಾಯಿತು. ಈಗ ಮಸೂದೆ ಹಿಡಿದು ನಿಂತಿರುವ ಪ್ರತಿಯೊಬ್ಬ ಶಾಸಕನೂ ನೆನಪಿಡಬೇಕಾದ ಲೆಕ್ಕ ಇದು.

‘ಸಾವು ಸಂಭವಿಸಿದರೆ’ ಎಂಬ ಎರಡು ಪದ ಓದಲು ಸುಲಭ, ಸಾಬೀತುಪಡಿಸುವುದು ಕಷ್ಟ. 2010ರಲ್ಲಿ ಅಯೋವಾ ರಾಜ್ಯದಲ್ಲಿ ಬಹುಕಾಲದಿಂದ ಡ್ರಗ್ಸ್ ಚಟ ಹತ್ತಿದ್ದ ಒಬ್ಬಾತ ಒಂದು ಗ್ರಾಂ ಹೆರಾಯಿನ್ ಕೊಂಡು ಚುಚ್ಚಿಕೊಂಡು ಸತ್ತ. ಅವನ ದೇಹದಲ್ಲಿ ಹೆರಾಯಿನ್ ಒಂದೇ ಇರಲಿಲ್ಲ. ಬೇರೆ ನೋವಿನ ಮಾತ್ರೆ, ಆತಂಕ ಕಡಿಮೆ ಮಾಡುವ ಮಾತ್ರೆಗಳ ಕುರುಹೂ ಇತ್ತು. ಹೆರಾಯಿನ್ ಸಾವಿಗೆ ಒಂದು ಕಾರಣ ಹೌದು ಎಂದರು ವೈದ್ಯಕೀಯ ತಜ್ಞರು. ಹೆರಾಯಿನ್ ತಗೊಳ್ಳದಿದ್ದರೆ ಬದುಕುತ್ತಿದ್ದನೇ ಎಂದು ಕೇಳಿದರೆ, ಖಚಿತವಾಗಿ ಹೇಳಲಾಗದು ಎಂದರು. ಆದರೂ ಮಾರಿದವನಿಗೆ 20 ವರ್ಷ ಬಿತ್ತು. ‘ಬರ್ರೇಜ್’ ಎಂದೇ ಹೆಸರಾದ ಈ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 2014ರ ಜನವರಿಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಆ 20 ವರ್ಷದ ಶಿಕ್ಷೆ ನಿಲ್ಲದು ಎಂದರು. ತೀರ್ಪು ಬರೆದವರು ಆಂಟೊನಿನ್ ಸ್ಕಾಲಿಯಾ. ಅಪರಾಧಿಗಳ ಬಗ್ಗೆ ಮೃದುವಾದವರೆಂದು ಅವರನ್ನು ಯಾರೂ ಕರೆಯಲಾರರು. ಆರೋಪಿ ಮಾರಿದ ವಸ್ತು ಇಲ್ಲದಿದ್ದರೆ ಈ ಸಾವೇ ಆಗುತ್ತಿರಲಿಲ್ಲ ಎಂದು ತೋರಿಸಬೇಕು; ‘ಅದೂ ಒಂದು ಕಾರಣ’ ಎಂದಷ್ಟೇ ಹೇಳಿದರೆ ಸಾಲದು ಎಂಬುದು ತೀರ್ಪಿನ ಸಾರ.

ಹೊಸ ಮಸೂದೆಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಒಂದು ಗೆರೆಯನ್ನು. ಇವತ್ತು ಫೆಂಟನಿಲ್‌ನಿಂದ ಸಾಯುವ ಬಹಳಷ್ಟು ಮಂದಿಯ ದೇಹದಲ್ಲಿ ಎರಡು ಮೂರು ಬಗೆಯ ಡ್ರಗ್ಸ್ ಇರುತ್ತವೆ. ಅವು ಎರಡು ಮೂರು ಕೈಗಳಿಂದ ಬಂದಿರುತ್ತವೆ. ಸುಪ್ರೀಂ ಕೋರ್ಟ್ ಹಾಕಿದ ಗೆರೆ ಕೇಂದ್ರ ಕಾನೂನಿಗೆ ಅನ್ವಯಿಸುತ್ತದೆ. ರಾಜ್ಯಗಳು ತಮ್ಮ ಕಾನೂನಿನಲ್ಲಿ ಅದಕ್ಕಿಂತ ಸಡಿಲವಾದ ಮಾತು ಬರೆದುಕೊಳ್ಳಬಹುದು.

ಇನ್ನು, ಹಿಡಿತಕ್ಕೆ ಸಿಗುವವರು ಯಾರು? ಎರಡು ಪ್ರಸಿದ್ಧ ಸಾವುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್ 28ರಂದು ಕೆಟಮೀನ್ ಎಂಬ ಅರಿವಳಿಕೆ ಔಷಧದಿಂದ ಸತ್ತರು. ಅವರ ಕೈ ಸೇರಿದ ಕೆಟಮೀನ್ ಪೂರೈಸಿದ ಲಾಸ್ ಏಂಜಲೀಸ್‌ನ ಮಹಿಳೆ 2025ರಲ್ಲಿ ತಪ್ಪೊಪ್ಪಿಕೊಂಡಳು. ಪ್ರಾಸಿಕ್ಯೂಟರ್‌ಗಳು ಹೇಳಿದಂತೆ, 2019ರಲ್ಲೇ ಅವಳಿಂದ ಕೆಟಮೀನ್ ಕೊಂಡ ಇನ್ನೊಬ್ಬ ವ್ಯಕ್ತಿ ಸತ್ತಿದ್ದ. ಅವನ ಮನೆಯವರೇ ಸಂದೇಶ ಕಳಿಸಿ ಅದನ್ನು ಅವಳಿಗೆ ತಿಳಿಸಿದ್ದರು. ಆಮೇಲೂ ಅವಳು ದಂಧೆ ನಿಲ್ಲಿಸಲಿಲ್ಲ. ಒಂದು ಹೆಣ ಬಿದ್ದದ್ದು ಗೊತ್ತಿದ್ದೂ ಲಾಭಕ್ಕಾಗಿ ಮಾರುತ್ತಲೇ ಹೋದವರಿಗೆ ಕಠಿಣ ಶಿಕ್ಷೆ ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು, ‘ದಿ ವೈರ್’ ಧಾರಾವಾಹಿಯ ನಟ ಮೈಕೆಲ್ ಕೆ. ವಿಲಿಯಮ್ಸ್ ಅವರದು. 2021ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್‌ನ ತಮ್ಮ ಮನೆಯಲ್ಲಿ ಫೆಂಟನಿಲ್ ಬೆರೆತ ಹೆರಾಯಿನ್‌ನಿಂದ ಅವರು ಸತ್ತರು. ಪೊಟ್ಟಣವನ್ನು ಕೈಗಿತ್ತವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಆ ಗುಂಪಿನಲ್ಲಿ ಸಿಕ್ಕಿಬಿದ್ದವರಲ್ಲಿ 71 ವರ್ಷದ ಒಬ್ಬ ಮುದುಕನೂ ಇದ್ದ. ಹೆಚ್ಚು ಓದುಬರಹ ಬಾರದ, ಬದುಕಿಡೀ ತಾನೇ ಚಟದ ಆಳಾಗಿದ್ದ ಮನುಷ್ಯ. ಅವನ ಪರವಾಗಿ ನ್ಯಾಯಾಧೀಶರಿಗೆ ಪತ್ರ ಬರೆದವರು ಬೇರಾರೂ ಅಲ್ಲ, ‘ದಿ ವೈರ್’ ಸೃಷ್ಟಿಕರ್ತ ಡೇವಿಡ್ ಸೈಮನ್, ಸತ್ತ ನಟನ ಗೆಳೆಯ. ಇಂಥವನನ್ನು ಜೈಲಿಗೆ ಹಾಕಿದರೆ ಯಾವ ಒಳಿತೂ ಆಗದು, ವಿಲಿಯಮ್ಸ್ ಇದ್ದಿದ್ದರೆ ಅವರೂ ಕರುಣೆಯನ್ನೇ ಕೇಳುತ್ತಿದ್ದರು ಎಂಬುದು ಆ ಪತ್ರದ ಮಾತು. ನ್ಯಾಯಾಲಯ ಎರಡೂವರೆ ವರ್ಷದ ಶಿಕ್ಷೆ ಕೊಟ್ಟಿತು.

ಕಾನೂನಿನ ಬಲೆಗೆ ಮೊದಲ ಪ್ರಕರಣದ ಮಹಿಳೆಯಂಥವರಿಗಿಂತ ಈ ಮುದುಕನಂಥವರೇ ಸುಲಭವಾಗಿ ಬೀಳುತ್ತಾರೆ. ಮೆಕ್ಸಿಕೊದ ಗುಪ್ತ ಕಾರ್ಖಾನೆಯಲ್ಲಿ ಮಾತ್ರೆ ಅಚ್ಚು ಹಾಕಿದವನು, ಅದಕ್ಕೆ ರಾಸಾಯನಿಕ ಕಳಿಸಿದವನು, ಗಡಿ ದಾಟಿಸಿದವನು ಯಾರೂ ಸತ್ತವನ ಫೋನಿನಲ್ಲಿ ಇರುವುದಿಲ್ಲ. ಫೋನಿನಲ್ಲಿರುವುದು ಕೊನೆಯ ಸಂದೇಶ ಕಳಿಸಿದ ಗೆಳೆಯ, ಜೊತೆಯಲ್ಲೇ ಸೇವಿಸಿದ ಗೆಳತಿ, ತನ್ನ ಚಟದ ಖರ್ಚಿಗೆಂದು ಇಬ್ಬರಿಗೆ ತಂದುಕೊಡುವ ಇನ್ನೊಬ್ಬ ವ್ಯಸನಿ. ಈ ಕಾನೂನುಗಳ ಕಣ್ಣಿನಲ್ಲಿ ‘ಪೂರೈಕೆ’ ಎಂದರೆ ಹಣ ತಗೊಂಡು ಮಾರಲೇಬೇಕೆಂದಿಲ್ಲ; ಹಂಚಿಕೊಂಡರೂ ಪೂರೈಕೆಯೇ. ಹೀಗಾಗಿ ಇಬ್ಬರು ವ್ಯಸನಿಗಳಲ್ಲಿ ಒಬ್ಬ ಸತ್ತರೆ ಅವನು ಬಲಿಪಶು, ಉಳಿದುಕೊಂಡವನು ಕೊಲೆಗಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇಂಗ್ಲೆಂಡ್ ಈ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಬಿಡಿಸಿತು. 2007ರಲ್ಲಿ ‘ಕೆನಡಿ’ ಪ್ರಕರಣದಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ತಿಳಿವಳಿಕೆಯುಳ್ಳ ವಯಸ್ಕನೊಬ್ಬ ಸ್ವಂತ ಇಚ್ಛೆಯಿಂದ ತಾನೇ ಚುಚ್ಚಿಕೊಂಡರೆ ಆ ಸಾವಿಗೆ ಡ್ರಗ್ಸ್ ಕೊಟ್ಟವನು ನರಹತ್ಯೆಯ ಹೊಣೆ ಹೊರುವುದಿಲ್ಲ ಎಂದಿತು. ಹಾಗೆಂದು ಅವನನ್ನು ಬಿಟ್ಟುಬಿಡುವುದಿಲ್ಲ. ಪೂರೈಕೆಗೆ ಬೇರೆ ಕಠಿಣ ಶಿಕ್ಷೆ ಇದ್ದೇ ಇದೆ. ಹಾಗಾದರೆ ತಾನು ನುಂಗುತ್ತಿರುವುದು ಏನೆಂದೇ ಗೊತ್ತಿಲ್ಲದ ಹದಿನಾರರ ಹುಡುಗನ ಗತಿಯೇನು ಎಂದು ಅಮೆರಿಕದ ಹೆತ್ತವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ನಕಲಿ ಮಾತ್ರೆಯನ್ನು ಅಸಲಿಯೆಂದು ನಂಬಿಸಿ ಮಕ್ಕಳಿಗೆ ಮಾರುವುದು ಮೋಸ. ಅಲ್ಲಿ ಇಚ್ಛೆಯ ಮಾತೇ ಬಾರದು. ಅದಕ್ಕೆ ಪ್ರತ್ಯೇಕ ಕಲಂ, ಪ್ರತ್ಯೇಕ ಶಿಕ್ಷೆ ಇರಲಿ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಬೇಡ.

ಶಿಕ್ಷೆ ಹೆಚ್ಚಿದರೆ ಭಯ ಹುಟ್ಟುತ್ತದೆ, ಭಯದಿಂದ ಮಾರಾಟ ನಿಲ್ಲುತ್ತದೆ ಎಂಬ ವಾದವನ್ನೂ ನೋಡಬೇಕು. ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆ ಎಂಬ ಖಾತ್ರಿಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ಬರೆದಿದ್ದ. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಬೀದಿಯಲ್ಲಿ ಮಾರುವವನಿಗೆ ತನ್ನ ಪೊಟ್ಟಣದಲ್ಲಿ ಎಷ್ಟು ಫೆಂಟನಿಲ್ ಇದೆ ಎಂಬುದೇ ಗೊತ್ತಿರುವುದಿಲ್ಲ. ನೂರು ಸಲ ಮಾರಿ ಏನೂ ಆಗದವನು ನೂರೊಂದನೆಯ ಸಲ ಕೊಲೆಗಾರನಾಗುತ್ತಾನೆ. ಮುಂಚೆ ಕಾಣದ ಪರಿಣಾಮಕ್ಕೆ ಅವನು ಮುಂಚೆಯೇ ಹೆದರುವುದಾದರೂ ಹೇಗೆ?

ಒಬ್ಬನನ್ನು ಹಿಡಿದರೆ ಬೀದಿ ಶುದ್ಧವಾಗುತ್ತದೆ ಎಂಬುದೂ ಸುಳ್ಳು. ಇಂಡಿಯಾನಾಪೊಲಿಸ್ ನಗರದ 2020 ಮತ್ತು 2021ರ ಪೊಲೀಸ್ ದಾಖಲೆ, ಸಾವಿನ ದಾಖಲೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಪೊಲೀಸರು ಓಪಿಯಾಯ್ಡ್ ವಶಪಡಿಸಿಕೊಂಡ ಜಾಗದ ಸುತ್ತಮುತ್ತ ಮುಂದಿನ ಒಂದರಿಂದ ಮೂರು ವಾರಗಳಲ್ಲಿ ಓವರ್‌ಡೋಸ್ ಸಾವುಗಳು ಹೆಚ್ಚಿದ್ದವು. ಪರಿಚಯದ ಮಾರಾಟಗಾರ ಜೈಲು ಸೇರಿದ ಕೂಡಲೇ ವ್ಯಸನಿಯ ಚಟ ಬಿಟ್ಟುಹೋಗುವುದಿಲ್ಲ. ಕೈಕಾಲು ನಡುಗುತ್ತಿರುವಾಗ ಅವನು ಅಪರಿಚಿತನ ಬಳಿ ಹೋಗುತ್ತಾನೆ. ಆ ಹೊಸ ಪೊಟ್ಟಣದ ಬಲ ಅವನಿಗೆ ತಿಳಿಯದು.

ಎಲ್ಲಕ್ಕಿಂತ ದೊಡ್ಡ ಆತಂಕ ಇರುವುದು ಸಾವಿನ ಆ ಕೆಲವು ನಿಮಿಷಗಳಲ್ಲಿ. ಫೆಂಟನಿಲ್ ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗವನ್ನು ಮಂಕು ಮಾಡುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಗಂಟಲಿನಿಂದ ಗೊರಗೊರ ಶಬ್ದ ಬರುತ್ತದೆ. ಪಕ್ಕದಲ್ಲಿದ್ದವರು ಅದನ್ನು ಗೊರಕೆಯೆಂದೇ ತಿಳಿಯುವುದುಂಟು. ತುಟಿ, ಉಗುರು ನೀಲಿಯಾಗುತ್ತವೆ. ಇಲ್ಲಿಂದಲೂ ಮನುಷ್ಯನನ್ನು ವಾಪಸು ತರಬಹುದು. ನಲಾಕ್ಸೋನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸಿದರೆ ಎರಡು ಮೂರು ನಿಮಿಷಗಳಲ್ಲಿ ಉಸಿರು ಮರಳಬಹುದು. 2023ರಿಂದ ಅಮೆರಿಕದ ಔಷಧ ಅಂಗಡಿಗಳಲ್ಲಿ ಅದು ಚೀಟಿಯಿಲ್ಲದೆ ಸಿಗುತ್ತದೆ. ಆದರೆ ಅದರ ಪ್ರಭಾವ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದಾದ್ದರಿಂದ ಆಂಬುಲೆನ್ಸ್ ಬರಲೇಬೇಕು. ಅದನ್ನು ಕರೆಯಬಲ್ಲವನು ಯಾರು? ಬಹಳ ಸಲ ಜೊತೆಯಲ್ಲಿದ್ದವನೇ. ಡ್ರಗ್ಸ್ ತಂದುಕೊಟ್ಟವನೂ ಅವನೇ ಇರಬಹುದು.

ಈ ಕಾರಣಕ್ಕೇ ನ್ಯೂ ಮೆಕ್ಸಿಕೊ 2007ರಲ್ಲಿ ಮೊದಲಾಗಿ, ಆಮೇಲೆ ಬಹುತೇಕ ಎಲ್ಲ ರಾಜ್ಯಗಳೂ ‘ಗುಡ್ ಸಮಾರಿಟನ್’ ಕಾನೂನು ಮಾಡಿದವು: ಓವರ್‌ಡೋಸ್ ಆದಾಗ ಸಹಾಯಕ್ಕೆ ಕರೆ ಮಾಡಿದವನ ಮೇಲೆ ಡ್ರಗ್ಸ್ ಇಟ್ಟುಕೊಂಡ ಕೇಸು ಹಾಕುವುದಿಲ್ಲ. ಆದರೆ ಈ ರಕ್ಷಣೆ ಸಾಮಾನ್ಯವಾಗಿ ಕೊಲೆ ಆರೋಪದವರೆಗೆ ಬರುವುದಿಲ್ಲ. ಒಂದು ಕಾನೂನು ‘ಹೆದರಬೇಡ, ಫೋನ್ ಮಾಡು’ ಎನ್ನುತ್ತದೆ. ಇನ್ನೊಂದು ‘ಫೋನ್ ಮಾಡಿದರೆ ನಿನ್ನ ಹೆಸರು ಸಿಗುತ್ತದೆ, ಅವನು ಸತ್ತರೆ ನೀನೇ ಕೊಲೆಗಾರ’ ಎನ್ನುತ್ತದೆ. ಹತ್ತೊಂಬತ್ತರ ಹುಡುಗನೊಬ್ಬ ಈ ಎರಡರ ನಡುವೆ ನಿಂತು ಯೋಚಿಸುವಷ್ಟರಲ್ಲಿ ಗೆಳೆಯನ ಉಸಿರು ನಿಂತಿರುತ್ತದೆ.

ನಮಗೆ ಇದು ದೂರದ ಕತೆಯಲ್ಲ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಡ್ರಗ್ಸ್‌ನ ಪ್ರಮಾಣ ನೋಡಿ ಶಿಕ್ಷೆ ಕೊಡುತ್ತದೆ. ಆದರೆ ಕಳ್ಳಭಟ್ಟಿಯ ವಿಷಯದಲ್ಲಿ ನಮ್ಮ ರಾಜ್ಯಗಳೂ ಅಮೆರಿಕದ ದಾರಿಯನ್ನೇ ಹಿಡಿದಿವೆ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯಲ್ಲಿ ವಿಷಮದ್ಯ ಕುಡಿದು ನೂರಾರು ಬಡವರು ಸತ್ತದ್ದನ್ನು ನಾವು ಕಂಡಿದ್ದೇವೆ. 2009ರಲ್ಲಿ ಅಹಮದಾಬಾದಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಗುಜರಾತ್ ಮರಣದಂಡನೆಯ ಕಲಂ ತಂದಿತು. 2022ರಲ್ಲಿ ಅದೇ ಗುಜರಾತಿನ ಬೋಟಾದ್ ಕಡೆ ಮತ್ತೆ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. 2024ರಲ್ಲಿ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತಾಗ ತಮಿಳುನಾಡು ಕೆಲವೇ ದಿನಗಳಲ್ಲಿ ಜೀವಾವಧಿ ಶಿಕ್ಷೆಯ ತಿದ್ದುಪಡಿ ತಂದಿತು. ಬಿಹಾರದ ಖಜೂರ್‌ಬಾನಿ ವಿಷಮದ್ಯ ಪ್ರಕರಣದಲ್ಲಿ 2021ರಲ್ಲಿ ಒಂಬತ್ತು ಮಂದಿಗೆ ಗಲ್ಲುಶಿಕ್ಷೆಯಾಯಿತು. ಮರುವರ್ಷ ಪಟ್ನಾ ಹೈಕೋರ್ಟ್‌ನಲ್ಲಿ ಆ ಶಿಕ್ಷೆ ನಿಲ್ಲಲಿಲ್ಲ, ಆರೋಪಿಗಳು ಖುಲಾಸೆಯಾದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಚಾಳಿಯಿಂದ ಸಾವು ನಿಂತಿಲ್ಲ. ಬಿಹಾರದಲ್ಲಿ ಕುಡಿಯುವುದೇ ಅಪರಾಧ. ಹೀಗಾಗಿ ವಿಷಮದ್ಯ ಕುಡಿದವರ ಮನೆಯವರು ಪೊಲೀಸರಿಗೆ ಹೆದರಿ ವಿಷಯ ಮುಚ್ಚಿಟ್ಟು, ಕಣ್ಣು ಮಂಜಾದ ಮೇಲಷ್ಟೇ ಆಸ್ಪತ್ರೆಗೆ ಒಯ್ದ ವರದಿಗಳು ಅಲ್ಲಿಂದ ಬಂದಿವೆ. ಮೆಥನಾಲ್ ವಿಷಕ್ಕೂ ಮದ್ದಿದೆ. ಅದೂ ಬೇಗ ಕೊಟ್ಟರೆ ಮಾತ್ರ.

ಭಯ ತೆಗೆದರೆ ಜೀವ ಉಳಿಯುತ್ತದೆ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ. ರಸ್ತೆ ಅಪಘಾತದ ಗಾಯಾಳುವನ್ನು ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾದೀತೆಂದು ಜನ ಮುಖ ತಿರುಗಿಸಿ ಹೋಗುತ್ತಿದ್ದರು. ಅಂಥ ನೆರವಿಗರಿಗೆ ರಕ್ಷಣೆ ಕೊಡುವ ಮಸೂದೆಯನ್ನು 2016ರಲ್ಲೇ ಅಂಗೀಕರಿಸಿದ್ದು ನಮ್ಮ ಕರ್ನಾಟಕದ ಶಾಸನಸಭೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ ಮೂಲಕ ಅದು ಇಡೀ ದೇಶಕ್ಕೆ ಬಂತು. ರಸ್ತೆಯಲ್ಲಿ ಬಿದ್ದವನಿಗೆ ಸಲ್ಲುವ ಈ ನ್ಯಾಯ ಡ್ರಗ್ಸ್‌ನಿಂದಲೋ ಕಳ್ಳಭಟ್ಟಿಯಿಂದಲೋ ಬಿದ್ದವನಿಗೂ ಸಲ್ಲಬೇಕು.

ಹಾಗಾದರೆ ಕಠಿಣ ಕಾನೂನೇ ಬೇಡವೇ? ಬೇಕು. ಅದು ಗೊತ್ತಿದ್ದೂ ಲಾಭಕ್ಕಾಗಿ ವಿಷ ಮಾರಿದವನನ್ನು ಹಿಡಿಯಲಿ, ಚಟ ಹಂಚಿಕೊಂಡವನನ್ನು ಬೇರೆಯಾಗಿ ನೋಡಲಿ. ಸಾವಿಗೂ ಮಾರಾಟಕ್ಕೂ ಇರುವ ನಂಟನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಲಿ. ಕನಿಷ್ಠ ಶಿಕ್ಷೆಯ ಹೆಸರಿನಲ್ಲಿ ನ್ಯಾಯಾಧೀಶರ ವಿವೇಚನೆಗೆ ಬೀಗ ಹಾಕದಿರಲಿ. ಸಹಾಯಕ್ಕೆ ಕರೆದು ಅಲ್ಲೇ ನಿಂತವನಿಗೆ ಕೊಲೆ ಆರೋಪದಿಂದಲೂ ಸ್ಪಷ್ಟ ರಕ್ಷಣೆ ಕೊಡಲಿ.

2024ರಲ್ಲಿ ಅಮೆರಿಕದ ಓವರ್‌ಡೋಸ್ ಸಾವುಗಳು ಸುಮಾರು 80 ಸಾವಿರಕ್ಕೆ ಇಳಿದವು. ಹಿಂದಿನ ವರ್ಷಕ್ಕಿಂತ ಕಾಲು ಭಾಗದಷ್ಟು ಕಡಿಮೆ. ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಮನೆಮನೆಗೆ ತಲುಪಿದ ನಲಾಕ್ಸೋನ್, ಹೆಚ್ಚಿದ ಚಿಕಿತ್ಸೆ, ಡ್ರಗ್ಸ್ ಪೂರೈಕೆಯಲ್ಲಾದ ಬದಲಾವಣೆ ಇವು ಎಲ್ಲರ ಪಟ್ಟಿಯಲ್ಲೂ ಇವೆ. ಮಕ್ಕಳನ್ನು ಕಳೆದುಕೊಂಡ ತಂದೆ-ತಾಯಿಗಳು ತಮ್ಮ ಮಗುವಿನ ಹೆಸರಿನಲ್ಲಿ ಕಾಯ್ದೆ ಕೇಳುತ್ತಿದ್ದಾರೆ. ಆ ಗೌರವ ಅವರಿಗೆ ಸಲ್ಲಲಿ. ಆದರೆ ಆ ಹೆಸರು ಹೊತ್ತ ಕಾಯ್ದೆಯಲ್ಲಿ ಶಿಕ್ಷೆಯ ಕಲಂಗಿಂತ ಮೊದಲು, ಗೆಳೆಯನ ಪ್ರಾಣ ಉಳಿಸಲು ಫೋನ್ ಎತ್ತಿಕೊಂಡವನಿಗೆ ಅಭಯ ಕೊಡುವ ಕಲಂ ಇರಬೇಕು. ಅದಿಲ್ಲದ ಮಸೂದೆಯನ್ನು ಯಾವ ಶಾಸನಸಭೆಯೂ ಅಂಗೀಕರಿಸಬಾರದು.